ಚೀಟಿ ಎತ್ತಿದ ಮಳೆ

ನಾವು ‘ಮಳೆ ಹಿಡಿಯಿತು’ ಎನ್ನುತ್ತೇವೆ. ಹಿಡಿದ ಮಳೆ ಬೇಗ ಬಿಡದು ಎಂಬುದು ಆ ಮಾತಿನಲ್ಲೇ ಇದೆ. 1962ರಲ್ಲಿ ಗೇಬ್ರಿಯಲ್ ಮತ್ತು ನ್ಯೂಮನ್ ಇದನ್ನೇ ಅಂಕಿಗಳಲ್ಲಿ ಹಿಡಿದರು. ಟೆಲ್ ಅವೀವ್‌ನಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಅಲ್ಲಿನ 27 ವರ್ಷಗಳ ದಾಖಲೆ ಎಣಿಸಿದಾಗ, ಒಣ ದಿನದ ಮರುದಿನ ಮಳೆಯಾಗುವ ಸಂಭವ 0.25, ಮಳೆ ದಿನದ ಮರುದಿನ 0.66 ಎಂದು ಕಂಡಿತು. ಮೊನ್ನೆಯ ಸಂಗತಿ ಬೇಡ, ನಿನ್ನೆಯದು ಸಾಕು. ಗಣಿತದಲ್ಲಿ ಇದು ಮಾರ್ಕೊವ್ ಸರಪಳಿ.

ನನಗೆ ಇಷ್ಟವಾದದ್ದು ಇದರ ಸರಳತೆ. ಡಬ್ಬಿಯಲ್ಲಿ ನೂರು ಚೀಟಿ ಹಾಕಿಕೊಳ್ಳಿ. ಇಂದು ಒಣ ದಿನವಾದರೆ 25 ಚೀಟಿಗಳಿಗೆ ‘ಮಳೆ’ ಎಂದು ಹೆಸರು, ಮಳೆ ದಿನವಾದರೆ 66ಕ್ಕೆ. ದಿನಕ್ಕೊಂದು ಎತ್ತುತ್ತ ಹೋದರೆ ಎಂದೂ ಬಾರದಿದ್ದ ಚಳಿಗಾಲವೊಂದು ಕಣ್ಣೆದುರು ಬರುತ್ತದೆ.

ಮಣ್ಣಿನ ಸವೆತವನ್ನೋ ಬೆಳೆಯನ್ನೋ ಲೆಕ್ಕ ಹಾಕುವವರಿಗೆ ಇಂಥ ಹವಾಮಾನ ನೂರಾರು ವರ್ಷದ್ದು ಬೇಕು. ಕೈಯಲ್ಲಿರುವುದು ಕೆಲವೇ ವರ್ಷಗಳ ದಾಖಲೆ. 1981ರಲ್ಲಿ ಅಮೆರಿಕದ ರಿಚರ್ಡ್‌ಸನ್ (ಮುನ್ಸೂಚನೆಗೆ ಹೆಸರಾದ ಲೂಯಿಸ್ ಫ್ರೈ ಅಲ್ಲ, ಬೇರೆಯವರು) ಉಷ್ಣಾಂಶ, ಬಿಸಿಲುಗಳನ್ನೂ ಮಳೆಯೊಡನೆ ಹೆಣೆದರು. 1984ರಲ್ಲಿ ಅದು ‘ಡಬ್ಲ್ಯುಜೆನ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಆಯಿತು.

ಆದರೆ ಈ ಕೃತಕ ವರ್ಷಗಳು ತೀರಾ ಸಾಧು. ಸರಾಸರಿ ಸರಿಯಿದ್ದರೂ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ನಿಜಕ್ಕಿಂತ ಕಡಿಮೆ. ಬರಗಾಲಕ್ಕೆ ತಿಂಗಳುಗಟ್ಟಲೆ ನೆನಪಿರುತ್ತದೆ, ಸರಪಳಿಗೆ ಒಂದೇ ದಿನದ್ದು. ಅಣೆಕಟ್ಟು ಕಟ್ಟುವವನು ಹೆದರಬೇಕಾದ್ದು ಸರಾಸರಿ ವರ್ಷಕ್ಕಲ್ಲವಲ್ಲ! ಹಾಗಾಗಿ ಮುಂದೆ ಕೆಲವರು ಸಮುದ್ರದ ಬಿಸಿಯನ್ನು ನೋಡಿ, ಆ ವರ್ಷಕ್ಕೆ ತಕ್ಕಂತೆ ಚೀಟಿಗಳನ್ನೇ ಬದಲಿಸತೊಡಗಿದರು.