ಉತ್ತರ ಆಫ್ರಿಕದ ಕ್ರೈಸ್ತಸಭೆಯಲ್ಲಿ ಪಾವಿತ್ರ್ಯದ ವಿವಾದ

ಕ್ರೈಸ್ತಸಭೆಯೊಳಗಿನ ಒಡಕುಗಳನ್ನು ವಿವರಿಸುವಾಗ ಸಿದ್ಧಾಂತಭೇದವನ್ನೇ ಮೂಲಕಾರಣವೆಂದು ಹೇಳುವುದು ವಾಡಿಕೆ. ಆದರೆ ರೋಮನ್ ಆಡಳಿತದ ಉತ್ತರ ಆಫ್ರಿಕದಲ್ಲಿ ನೂರು ವರ್ಷಗಳಿಗೂ ಮೀರಿ ಸೆಣಸಿದ ಎರಡು ಪಂಗಡಗಳು ಒಬ್ಬನೇ ದೇವರನ್ನು ಒಂದೇ ಬಗೆಯ ವಿಧಿಗಳಿಂದ ಆರಾಧಿಸುತ್ತಿದ್ದವು. ಅವುಗಳನ್ನು ಬೇರ್ಪಡಿಸಿದ್ದು ಒಂದು ಪ್ರಶ್ನೆ: ದ್ರೋಹವೆಸಗಿದ ಗುರುವಿನ ಕೈಯಿಂದ ಪಡೆದ ಸಂಸ್ಕಾರಕ್ಕೆ ಪಾವಿತ್ರ್ಯವುಂಟೆ? ಡೋನಾಟಿಸ್ಟ್ ವಿವಾದವೆಂದು ಹೆಸರಾದ ಈ ಪ್ರಕರಣದಲ್ಲಿ ಉಭಯ ಪಕ್ಷಗಳೂ ತಮ್ಮ ಮೂಲತತ್ತ್ವವನ್ನು ಹೇಗೆ ಕೈಬಿಟ್ಟವೆಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಕ್ರಿ. ಶ. 303ರಲ್ಲಿ ಚಕ್ರವರ್ತಿ ಡಯೊಕ್ಲೀಶಿಯನನು ಹೊರಡಿಸಿದ ಆಜ್ಞೆಯು ಕ್ರೈಸ್ತರ ಆರಾಧನಾಮಂದಿರಗಳನ್ನು ಕೆಡವಬೇಕೆಂದೂ ಧರ್ಮಗ್ರಂಥಗಳನ್ನು ಸುಡಬೇಕೆಂದೂ ವಿಧಿಸಿತು. ಆಫ್ರಿಕದಲ್ಲಿ ಗ್ರಂಥಗಳನ್ನು ಕಾಯ್ದುಕೊಳ್ಳುವುದೇ ನಿಷ್ಠೆಯ ಒರೆಗಲ್ಲಾಯಿತು. ಕೆಲವರು ಗ್ರಂಥವನ್ನು ಕೊಡದೆ ಪ್ರಾಣವನ್ನು ಕೊಟ್ಟರು; ಕೆಲವರು ಗ್ರಂಥವನ್ನು ಕೊಟ್ಟು ಪ್ರಾಣವನ್ನು ಉಳಿಸಿಕೊಂಡರು. ಕಾರ್ಥೇಜಿನ ಬಿಷಪ್ ಮೆನ್ಸೂರಿಯಸನು ಪಾಷಂಡಿಗಳ ಪುಸ್ತಕಗಳನ್ನು ಮುಂದಿಟ್ಟು ಅಧಿಕಾರಿಗಳನ್ನು ವಂಚಿಸಿದನೆಂದು ಅವನ ಪಕ್ಷದವರು ಹೇಳುತ್ತಿದ್ದರು. ಗ್ರಂಥ ಒಪ್ಪಿಸಿದವರಿಗೆ ‘ಟ್ರಾಡಿಟೋರ್’ ಎಂಬ ಹೆಸರು ಬಂದಿತು. ಒಪ್ಪಿಸಿದವನು, ದ್ರೋಹಿ ಎಂಬ ಎರಡರ್ಥಗಳೂ ಆ ಲ್ಯಾಟಿನ್ ಪದಕ್ಕುಂಟು. 304ರಲ್ಲಿ ಅಬಿಟಿನಾ ಎಂಬ ಊರಿನ ಕ್ರೈಸ್ತರು ಭಾನುವಾರದ ಆರಾಧನೆಗೆ ನೆರೆದುದಕ್ಕಾಗಿ ಸೆರೆಯಾದಾಗ, ಅವರಿಗೆ ಆಹಾರ ಮುಟ್ಟದಂತೆ ಮೆನ್ಸೂರಿಯಸನೂ ಅವನ ಸಹಾಯಕ ಸೆಸಿಲಿಯನನೂ ತಡೆದರೆಂದು ಒಂದು ವೃತ್ತಾಂತವು ತಿಳಿಸುತ್ತದೆ. ಇದು ವಿರೋಧಿಗಳ ಬರಹವಾದುದರಿಂದ ಪೂರ್ಣವಾಗಿ ನಂಬತಕ್ಕದ್ದಲ್ಲ. ಆದರೆ ಹುತಾತ್ಮರ ನೆನಪು ಎಷ್ಟು ಆಳವಾದ ಗಾಯವಾಗಿ ಉಳಿದಿತ್ತೆಂಬುದಕ್ಕೆ ಅದು ಸಾಕ್ಷಿ.

ಮೆನ್ಸೂರಿಯಸನ ಮರಣಾನಂತರ ಈ ಸೆಸಿಲಿಯನನೇ ಬಿಷಪ್ಪನಾಗಿ ಆಯ್ಕೆಯಾದನು. ನುಮಿಡಿಯ ಪ್ರಾಂತದ ಬಿಷಪ್ಪರು ಬರುವ ಮೊದಲೇ ಆಪ್ಟುಂಗದ ಫೆಲಿಕ್ಸನು ಅವನಿಗೆ ಹಸ್ತನಿಕ್ಷೇಪ ಮಾಡಿದನು. ಫೆಲಿಕ್ಸನು ಟ್ರಾಡಿಟೋರ್ ಆದುದರಿಂದ ಅವನು ಕೊಟ್ಟ ಪದವಿ ಶೂನ್ಯವೆಂದು ಸುಮಾರು 70 ಮಂದಿ ಬಿಷಪ್ಪರು ನಿರ್ಣಯಿಸಿ ಮಜೋರಿನಸನನ್ನು ಪ್ರತಿಸ್ಪರ್ಧಿಯಾಗಿ ನೇಮಿಸಿದರು. ಅವನ ಉತ್ತರಾಧಿಕಾರಿಯಾದ ಡೋನಾಟಸನ ಹೆಸರೇ ಪಂಗಡಕ್ಕೆ ನಿಂತಿತು.

ಇಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಚಕ್ರವರ್ತಿಗೂ ಕ್ರೈಸ್ತಸಭೆಗೂ ಏನು ಸಂಬಂಧವೆಂದು ಡೋನಾಟಸನು ಮುಂದೆ ಕೇಳಿದನೆಂಬುದು ಪ್ರಸಿದ್ಧ. ಆದರೆ 313ರಲ್ಲಿ ತೀರ್ಪು ಬೇಡಿ ಚಕ್ರವರ್ತಿ ಕಾನ್‌ಸ್ಟಂಟೈನನಿಗೆ ಮೊದಲು ಮನವಿ ಸಲ್ಲಿಸಿದವರು ಅವನ ಪಕ್ಷದವರೇ. ರೋಮಿನಲ್ಲಿ 313ರಲ್ಲಿಯೂ ಆರ್ಲ್ ನಗರದಲ್ಲಿ 314ರಲ್ಲಿಯೂ ಸೇರಿದ ಸಭೆಗಳು ಅವರಿಗೆ ಪ್ರತಿಕೂಲವಾಗಿ ತೀರ್ಮಾನಿಸಿದವು. ಪ್ರತ್ಯೇಕ ವಿಚಾರಣೆಯೊಂದರಲ್ಲಿ ಫೆಲಿಕ್ಸನ ವಿರುದ್ಧ ಹಾಜರಾದ ಪತ್ರದಲ್ಲಿ ಕೃತಕವಾಗಿ ಸೇರಿಸಿದ ಭಾಗವಿದ್ದುದು ಬಯಲಾಯಿತು. 316ರಲ್ಲಿ ಕಾನ್‌ಸ್ಟಂಟೈನನು ಸೆಸಿಲಿಯನನ ಪರವಾಗಿ ನಿರ್ಣಯವಿತ್ತು ಬಲಪ್ರಯೋಗಕ್ಕೆ ತೊಡಗಿದನು. ಅದು ಫಲಿಸದಿರಲು 321ರಲ್ಲಿ ಕೈಬಿಟ್ಟನು. ಸಾಯಲು ಸಿದ್ಧರಾದವರನ್ನು ಹೆದರಿಸುವುದು ಸಾಧ್ಯವಾಗಲಿಲ್ಲ. ಹೊಸ ಹುತಾತ್ಮರನ್ನು ಒದಗಿಸಿದಂತಷ್ಟೇ ಆಯಿತು.

ಡಬ್ಲ್ಯು. ಎಚ್. ಸಿ. ಫ್ರೆಂಡ್ ಅವರು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಚಳುವಳಿಯ ಬೇರುಗಳನ್ನು ನುಮಿಡಿಯದ ಗ್ರಾಮೀಣ ಬರ್ಬರ್ ಜನತೆಯ ಅತೃಪ್ತಿಯಲ್ಲಿ ಕಂಡರು. ನಗರಗಳಲ್ಲಿಯೂ ವಿದ್ಯಾವಂತರಲ್ಲಿಯೂ ಡೋನಾಟಿಸ್ಟರಿದ್ದುದರಿಂದ ಈ ವಿವರಣೆ ಸಾಲದೆಂದು ಅನಂತರದ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಸಾಮಾಜಿಕ ಕಾರಣಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜನರನ್ನು ಪ್ರಾಣತ್ಯಾಗಕ್ಕೆ ಪ್ರೇರಿಸಿದ ಧಾರ್ಮಿಕ ಪ್ರಶ್ನೆಯನ್ನು ಬರಿಯ ಹೊರಹೊದಿಕೆಯೆಂದು ಎಣಿಸುವುದು ಯುಕ್ತವಲ್ಲ.

258ರಲ್ಲಿ ಹುತಾತ್ಮನಾದ ಕಾರ್ಥೇಜಿನ ಸಿಪ್ರಿಯನನನ್ನು ಉಭಯ ಪಕ್ಷಗಳೂ ತಮ್ಮವನೆಂದವು. ಸಭೆಯ ಹೊರಗೆ ಕೊಟ್ಟ ದೀಕ್ಷಾಸ್ನಾನವು ಸಲ್ಲದೆಂದು ಅವನು ಬೋಧಿಸಿದ್ದನಾಗಿ ಡೋನಾಟಿಸ್ಟರು ತಮ್ಮಲ್ಲಿಗೆ ಬಂದವರಿಗೆ ಮರಳಿ ದೀಕ್ಷಾಸ್ನಾನವನ್ನು ಕೊಡುತ್ತಿದ್ದರು. ಸಿಪ್ರಿಯನನು ಭಿನ್ನಾಭಿಪ್ರಾಯವಿದ್ದರೂ ಐಕ್ಯವನ್ನು ಮುರಿಯಲಿಲ್ಲವೆಂಬುದು ಹಿಪ್ಪೋ ನಗರದ ಬಿಷಪ್ ಅಗಸ್ಟೀನನ ಉತ್ತರ. ಸಂಸ್ಕಾರವು ಕ್ರಿಸ್ತನದು, ಕೊಡುವ ಗುರುವಿನದಲ್ಲ. ಆದುದರಿಂದ ಗುರುವಿನ ದೋಷ ಅದನ್ನು ಕೆಡಿಸಲಾರದೆಂಬುದು ಅವನ ವಾದ. ಇಷ್ಟರಲ್ಲಿ ಡೋನಾಟಿಸ್ಟರಲ್ಲಿಯೇ ಒಡಕುಂಟಾಯಿತು. ಮ್ಯಾಕ್ಸಿಮಿಯನನ ಪಕ್ಷವನ್ನು 394ರಲ್ಲಿ ಬಾಗೈ ಎಂಬಲ್ಲಿ ಸೇರಿದ 310 ಮಂದಿ ಬಿಷಪ್ಪರು ಖಂಡಿಸಿದರು. ಕೆಲವು ವರ್ಷಗಳಲ್ಲೇ ಆ ಪಕ್ಷದ ಕೆಲವರನ್ನು ಮರಳಿ ಸೇರಿಸಿಕೊಂಡಾಗ, ಅವರು ಹೊರಗಿದ್ದು ಕೊಟ್ಟ ದೀಕ್ಷಾಸ್ನಾನವನ್ನು ಮಾನ್ಯಮಾಡಲಾಯಿತು. ಪಾವಿತ್ರ್ಯದ ಕಟ್ಟುನಿಟ್ಟು ಇಲ್ಲಿ ಸಡಿಲಿತು.

ಅಗಸ್ಟೀನನ ಪಕ್ಷವೂ ತನ್ನ ಮಾತಿಗೆ ನಿಲ್ಲಲಿಲ್ಲ. ಯಾರನ್ನೂ ಬಲಾತ್ಕಾರದಿಂದ ಐಕ್ಯಕ್ಕೆ ತರಬಾರದು, ವಾದದಿಂದಲೇ ಗೆಲ್ಲಬೇಕೆಂಬುದು ಅವನ ಮೊದಲ ಅಭಿಪ್ರಾಯ. ಕಾಯಿದೆಯ ಭಯದಿಂದ ತನ್ನ ಊರಿನವರೇ ಡೋನಾಟಿಸ್ಟ್ ಪಕ್ಷವನ್ನು ಬಿಟ್ಟುದನ್ನು ಕಂಡು ತಾನು ಮನಸ್ಸು ಬದಲಿಸಿದೆನೆಂದು ಅವನೇ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಔತಣಕ್ಕೆ ಜನರನ್ನು ಒತ್ತಾಯಿಸಿ ಕರೆತರುವ, ಲೂಕನ ಸುವಾರ್ತೆಯ ಸಾಮತಿಯು ಅವನಿಗೆ ಆಧಾರವಾಯಿತು. 411ರ ಜೂನ್ ತಿಂಗಳಲ್ಲಿ ಕಾರ್ಥೇಜಿನಲ್ಲಿ ಇತ್ತಂಡದ ಬಿಷಪ್ಪರು ಚಕ್ರವರ್ತಿಯ ಅಧಿಕಾರಿ ಮಾರ್ಸೆಲಿನಸನ ಮುಂದೆ ಸೇರಿದರು. ಒಂದೊಂದು ಪಕ್ಷದಲ್ಲಿಯೂ ಸುಮಾರು 280 ಮಂದಿಯಿದ್ದರು. ದುಷ್ಟರೊಡನೆ ಕುಳಿತುಕೊಳ್ಳಲಾರೆವೆಂದು ಡೋನಾಟಿಸ್ಟರು ನಿಂತೇ ಇದ್ದರು. ತೀರ್ಪು ಅವರ ವಿರುದ್ಧವಾಯಿತು. 412ರ ಶಾಸನವು ದಂಡಗಳನ್ನು ವಿಧಿಸಿತು. ಆದರೂ ಆ ಹೆಸರು ಅಳಿಯಲಿಲ್ಲ. 439ರಲ್ಲಿ ಕಾರ್ಥೇಜ್ ವ್ಯಾಂಡಲರ ವಶವಾದ ಬಹುಕಾಲದ ಮೇಲೆಯೂ, ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗೊರಿಯು ಬರೆದ ಪತ್ರಗಳಲ್ಲಿ ಡೋನಾಟಿಸ್ಟರ ಮಾತು ಬರುತ್ತದೆ.

ಈ ವಿವಾದದ ಬಹುಪಾಲು ಆಧಾರಗಳು ಗೆದ್ದವರ ಬರಹಗಳೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಗುರುವಿನ ಯೋಗ್ಯತೆಗಿಂತ ಸಂಸ್ಕಾರ ದೊಡ್ಡದೆಂಬ ಅಗಸ್ಟೀನನ ವಾದವು ದುರ್ಬಲರಿಗೂ ಸಭೆಯಲ್ಲಿ ಎಡೆಕೊಟ್ಟಿತು. ಇದು ಅವನ ಹಿರಿಮೆ. ಆದರೆ ಬಲಾತ್ಕಾರಕ್ಕೆ ಅವನು ಕೊಟ್ಟ ಸಮರ್ಥನೆಯೂ ಬಾಳಿತು. 1685ರಲ್ಲಿ ಫ್ರಾನ್ಸಿನ ಪ್ರಾಟೆಸ್ಟಂಟರ ಹಕ್ಕುಗಳು ರದ್ದಾದಾಗ ಅದೇ ಸಾಮತಿ ಮತ್ತೆ ಆಧಾರವಾಯಿತು. ಅದನ್ನು ಖಂಡಿಸಿ ಪಿಯೆರ್ ಬೇಲ್ 1686ರಲ್ಲಿ ಗ್ರಂಥ ಬರೆಯಬೇಕಾಯಿತು. ಹಿಂಸೆಗೆ ಒಳಗಾದವರ ನೆನಪನ್ನು ಗೌರವಿಸುವುದು ಒಂದು ಕರ್ತವ್ಯ, ಐಕ್ಯವನ್ನು ಕಾಯುವುದು ಇನ್ನೊಂದು ಕರ್ತವ್ಯ. ಆಫ್ರಿಕದ ಕ್ರೈಸ್ತರು ಇವೆರಡನ್ನೂ ಹೊಂದಿಸಲಾರದೆ ಅರಸನ ಬಾಗಿಲಿಗೆ ಹೋದರು. ಒಮ್ಮೆ ಸುಡಲು ಗ್ರಂಥಗಳನ್ನು ಕೇಳಿದ್ದ ರಾಜಶಕ್ತಿಯೇ ಕೊನೆಗೆ ಅವರ ಧರ್ಮದ ತೀರ್ಪುಗಾರನಾಯಿತು.