‘ಯೆಹೋವ ಯೀರೆ’: ಒಂದು ಸ್ಥಳನಾಮದ ಚರಿತ್ರೆ

ನಮ್ಮ ಸಭೆಗಳಲ್ಲಿ ‘ಯೆಹೋವ ಯೀರೆ’ ಎಂಬ ಹೆಸರು ಪ್ರಾರ್ಥನೆಯಲ್ಲಿಯೂ ಹಾಡಿನಲ್ಲಿಯೂ ಆಗಾಗ ಕೇಳಿಬರುತ್ತದೆ. ‘ಒದಗಿಸುವ ದೇವರು’ ಎಂಬುದು ಅದಕ್ಕೆ ನಾವು ಕೊಡುವ ಅರ್ಥ. ಈ ಅರ್ಥ ತಪ್ಪಲ್ಲ, ಆದರೆ ಅಪೂರ್ಣ. ಸತ್ಯವೇದದಲ್ಲಿ ಈ ಹೆಸರು ಒಮ್ಮೆ ಮಾತ್ರ, ಆದಿಕಾಂಡ 22:14ರಲ್ಲಿ, ಬರುತ್ತದೆ. ಅಲ್ಲಿಯೂ ಅದು ಅಬ್ರಹಾಮನು ದೇವರಿಗೆ ಇಟ್ಟ ಹೆಸರಲ್ಲ. ಮೊರೀಯ ದೇಶದ ಒಂದು ಬೆಟ್ಟದಲ್ಲಿ ತಾನು ನಿಂತ ಸ್ಥಳಕ್ಕೆ ಇಟ್ಟ ಹೆಸರು. ಆ ಸ್ಥಳನಾಮವು ದೇವರ ಬಿರುದಾಗಿ ಬೆಳೆದ ದಾರಿಯನ್ನು ಹಿಂಬಾಲಿಸಿದರೆ, ನಾವು ಮರೆತ ಅರ್ಧವು ಸಿಗುತ್ತದೆ.

‘ಯೀರೆ’ ಎಂಬುದರ ಮೂಲ ಇಬ್ರಿಯದ ‘ರಾಆ’ ಎಂಬ ಧಾತು. ಅದರ ಅರ್ಥ ‘ನೋಡು’, ‘ಕಾಣು’. 22ನೆಯ ಅಧ್ಯಾಯದ ಉದ್ದಕ್ಕೂ ಈ ಧಾತು ಹೆಣೆದುಕೊಂಡಿದೆ. ಮೂರನೆಯ ದಿನ ಅಬ್ರಹಾಮನು ಕಣ್ಣೆತ್ತಿ ದೂರದಲ್ಲಿ ಆ ಸ್ಥಳವನ್ನು ಕಾಣುತ್ತಾನೆ. ಹೋಮದ ಕುರಿ ಎಲ್ಲಿ ಎಂದು ಇಸಾಕನು ಕೇಳಿದಾಗ, ದೇವರೇ ಅದನ್ನು ‘ನೋಡಿಕೊಳ್ಳುವನು’ ಎಂಬರ್ಥದ ಉತ್ತರ ಕೊಡುತ್ತಾನೆ. ಕೊನೆಗೆ ಮತ್ತೆ ಕಣ್ಣೆತ್ತಿ, ಪೊದೆಯಲ್ಲಿ ಸಿಕ್ಕಿಕೊಂಡ ಟಗರನ್ನು ಕಾಣುತ್ತಾನೆ. ‘ನೋಡು’ ಎಂಬ ಮಾತು ‘ಒದಗಿಸು’ ಎಂಬ ಅರ್ಥಕ್ಕೆ ಹೊರಳುವುದು ಇಬ್ರಿಯದಲ್ಲಿ ಅಪರೂಪವಲ್ಲ. 1 ಸಮುವೇಲ 16:1ರಲ್ಲಿ ದೇವರು ಇಷಯನ ಮಕ್ಕಳಲ್ಲಿ ತನಗೋಸ್ಕರ ಒಬ್ಬ ಅರಸನನ್ನು ‘ನೋಡಿದ್ದಾನೆ’; ಆದಿಕಾಂಡ 41:33ರಲ್ಲಿ ಫರೋಹನು ವಿವೇಕಿಯೊಬ್ಬನನ್ನು ‘ನೋಡಬೇಕು’ ಎಂದು ಯೋಸೇಫನು ಸೂಚಿಸುತ್ತಾನೆ. ಕನ್ನಡ ಓದುಗನಿಗೆ ಇದು ಕಷ್ಟವಲ್ಲ. ನಮ್ಮಲ್ಲಿಯೂ ‘ನೋಡು’ ಎಂಬುದರಿಂದಲೇ ‘ನೋಡಿಕೊಳ್ಳು’ ಹುಟ್ಟಿದೆ. ವೃದ್ಧ ತಾಯಿಯನ್ನು ನೋಡಿಕೊಳ್ಳುವ ಮಗನು ಆಕೆಯ ಕಡೆಗೆ ನೋಡದೆ ಬರಿಯ ಹಣವನ್ನು ಕಳುಹಿಸಿದರೆ ಆ ಮಾತು ಸಲ್ಲದು.

ಪ್ರಾಚೀನ ಭಾಷಾಂತರಕಾರರು ಈ ಮೂಲಾರ್ಥವನ್ನು ಬಿಡಲಿಲ್ಲ. ಕ್ರಿ. ಪೂ. 3ನೆಯ ಶತಮಾನದ ಗ್ರೀಕ್ ಸೆಪ್ಟುವಜಿಂಟ್ ಆ ಸ್ಥಳವನ್ನು ‘ಕರ್ತನು ಕಂಡನು’ ಎಂದೂ, ವಚನದ ಉತ್ತರಾರ್ಧದ ನಾಣ್ಣುಡಿಯನ್ನು ‘ಬೆಟ್ಟದಲ್ಲಿ ಕರ್ತನು ಕಾಣಿಸಿಕೊಂಡನು’ ಎಂದೂ ಅನುವಾದಿಸಿತು. ಜೆರೋಮನ ಲ್ಯಾಟಿನ್ ವಲ್ಗೇಟ್ 14ನೆಯ ವಚನದಲ್ಲಿ ‘ನೋಡುತ್ತಾನೆ’ ಎಂಬುದನ್ನೇ ಉಳಿಸಿಕೊಂಡು, 8ನೆಯ ವಚನದಲ್ಲಿ ಮಾತ್ರ ‘ಪ್ರೊವಿಡೇರೆ’, ಅಂದರೆ ‘ಮುಂದಾಗಿ ನೋಡು’ ಎಂಬ ಕ್ರಿಯಾಪದವನ್ನು ಬಳಸಿತು. ದೈವಪಾಲನೆಯ ಸಿದ್ಧಾಂತವನ್ನು ಸೂಚಿಸುವ ‘ಪ್ರಾವಿಡೆನ್ಸ್’ ಎಂಬ ಪದವು ಇದೇ ಲ್ಯಾಟಿನ್ ಮೂಲದ್ದು. 1611ರ ಇಂಗ್ಲಿಷ್ ಭಾಷಾಂತರವು ಹೆಸರನ್ನು ಅನುವಾದಿಸದೆ ಇಬ್ರಿಯ ರೂಪದಲ್ಲಿಯೇ ಬಿಟ್ಟು, ಅರ್ಥವನ್ನು ಅಂಚಿನಲ್ಲಿ ಬರೆಯಿತು. ಹೀಗೆ ಅರ್ಥದಿಂದ ಬೇರ್ಪಟ್ಟ ಹೆಸರು ಬಿರುದಾಗುವುದು ಸುಲಭವಾಯಿತು.

ಇಸ್ರಾಯೇಲ್ಯರ ಆರಾಧನೆಯಲ್ಲಿ ಆ ಬೆಟ್ಟಕ್ಕೆ ಇನ್ನೊಂದು ಚರಿತ್ರೆಯಿದೆ. ಸೊಲೊಮೋನನು ದೇವಾಲಯವನ್ನು ಕಟ್ಟಿದ್ದು ಮೊರೀಯ ಬೆಟ್ಟದಲ್ಲಿ, ದಾವೀದನಿಗೆ ದರ್ಶನವಾದ ಸ್ಥಳದಲ್ಲಿ ಎಂದು 2 ಪೂರ್ವಕಾಲವೃತ್ತಾಂತ 3:1 ಹೇಳುತ್ತದೆ. ಅಲ್ಲಿಯ ‘ದರ್ಶನ’ವೂ ‘ರಾಆ’ ಧಾತುವಿನಿಂದಲೇ ಬಂದದ್ದು. ವರ್ಷಕ್ಕೆ ಮೂರಾವರ್ತಿ ಗಂಡಸರೆಲ್ಲರೂ ದೇವರ ಸನ್ನಿಧಿಯಲ್ಲಿ ‘ಕಾಣಿಸಿಕೊಳ್ಳಬೇಕು’ ಎಂಬ ವಿಮೋಚನಕಾಂಡ 23:17ರ ವಿಧಿಯಲ್ಲಿ, ಅಬ್ರಹಾಮನ ಬೆಟ್ಟದ ನಾಣ್ಣುಡಿಯಲ್ಲಿರುವ ಕ್ರಿಯಾರೂಪವೇ ಇದೆ. ಧರ್ಮೋಪದೇಶಕಾಂಡ 16:16-17 ಇದಕ್ಕೆ ಒಂದು ಮಾತನ್ನು ಸೇರಿಸುತ್ತದೆ: ಯಾರೂ ಬರಿಗೈಯಲ್ಲಿ ಬರಬಾರದು, ದೇವರು ಆಶೀರ್ವದಿಸಿದ ಮೇರೆಗೆ ಪ್ರತಿಯೊಬ್ಬನೂ ಕೊಡಬೇಕು. ದೇವರು ಒದಗಿಸಿದ ಬೆಟ್ಟಕ್ಕೆ ಜನರು ಹತ್ತಿದ್ದು ಪಡೆಯುವುದಕ್ಕೆ ಮಾತ್ರವಲ್ಲ, ಕೊಡುವುದಕ್ಕೂ ಹೌದು.

ಕ್ರೈಸ್ತ ಸಭೆಯು ಆ ಟಗರನ್ನು ಶಿಲುಬೆಯ ಬೆಳಕಿನಲ್ಲಿ ಓದಿತು. 2ನೆಯ ಶತಮಾನದಲ್ಲಿ ಸಾರ್ದಿಸಿನ ಮೆಲಿತೋ ಅದರಲ್ಲಿ ಕ್ರಿಸ್ತನ ಮುನ್ಸೂಚನೆಯನ್ನು ಕಂಡನು. ಅದಕ್ಕಿಂತ ಮುಂಚೆಯೇ ಪೌಲನು ರೋಮಾಪುರದವರಿಗೆ 8:32ರಲ್ಲಿ, ದೇವರು ಸ್ವಂತ ಮಗನನ್ನು ಉಳಿಸಿಕೊಳ್ಳಲಿಲ್ಲ ಎನ್ನುವಾಗ, ಅಬ್ರಹಾಮನ ಕುರಿತಾದ ಗ್ರೀಕ್ ಪಾಠದ ಕ್ರಿಯಾಪದವನ್ನೇ ಬಳಸಿದ್ದನು. ಕ್ಯಾಲ್ವಿನನು ತನ್ನ ‘ಇನ್ಸ್ಟಿಟ್ಯೂಟ್ಸ್’ ಗ್ರಂಥದ ಮೊದಲ ಪುಸ್ತಕದಲ್ಲಿ ಅಬ್ರಹಾಮನ ಉತ್ತರವನ್ನು ಎತ್ತಿಕೊಂಡು, ದೈವಪಾಲನೆ ಕಣ್ಣಿಗೆ ಎಷ್ಟು ಸೇರಿದ್ದೋ ಕೈಗೂ ಅಷ್ಟೇ ಸೇರಿದ್ದೆಂದು ವಾದಿಸಿದನು. ದೇವರು ಸುಮ್ಮನೆ ನೋಡುವ ಸಾಕ್ಷಿಯಲ್ಲ ಎಂಬುದು ಅವನ ಒತ್ತು. ಇಂದು ನಮಗೆ ಬೇಕಾದ ಒತ್ತು ಇನ್ನೊಂದು ಕಡೆಯದು: ಕೈಯನ್ನೇ ನಿರೀಕ್ಷಿಸುತ್ತಾ ನಾವು ಕಣ್ಣನ್ನು ಮರೆತಿದ್ದೇವೆ.

ಮರೆವಿನ ಫಲ ಸಣ್ಣದಲ್ಲ. ಒದಗಿಸುವುದಷ್ಟೇ ಈ ಹೆಸರಿನ ಅರ್ಥವಾದರೆ, ಸಾಲ ತೀರದವನಿಗೂ ರೋಗ ವಾಸಿಯಾಗದವಳಿಗೂ ಅದು ದೂಷಣೆಯಾಗಿ ಕೇಳಿಸುತ್ತದೆ. ಅವರ ನಂಬಿಕೆಯಲ್ಲಿಯೇ ಕೊರತೆಯಿದೆ ಎಂಬ ತೀರ್ಪಾಗುತ್ತದೆ. ಆದರೆ ಅದೇ ಆದಿಕಾಂಡದ 16:13ರಲ್ಲಿ, ಯಜಮಾನಿಯ ಬಾಧೆಯಿಂದ ಓಡಿಹೋದ ದಾಸಿ ಹಾಗರಳು ಇದೇ ಧಾತುವಿನಿಂದ ದೇವರನ್ನು ‘ಎಲ್ ರೊಯೀ’, ನನ್ನನ್ನು ನೋಡುವ ದೇವರು, ಎಂದು ಕರೆದಳು. ಆಗ ಅವಳಿಗೆ ಬಿಡುಗಡೆ ಸಿಕ್ಕಿರಲಿಲ್ಲ. ಮರಳಿ ಹೋಗೆಂಬ ಅಪ್ಪಣೆಯೂ ಸಂತತಿಯ ವಾಗ್ದಾನವೂ ಮಾತ್ರ ಸಿಕ್ಕಿದ್ದವು. ಆದರೂ ತಾನು ಕಾಣಲ್ಪಟ್ಟೆನೆಂದು ಅವಳು ಬಲ್ಲಳು. ಅಬ್ರಹಾಮನ ಬೆಟ್ಟವನ್ನು ಬೋಧಿಸುವವರು ಹಾಗರಳ ಬುಗ್ಗೆಯನ್ನೂ ಬೋಧಿಸಬೇಕು. ಟಗರು ಕಾಣಿಸುವುದಕ್ಕೆ ಮುಂಚೆಯೂ, ಆ ಮೂರು ದಿನಗಳ ದಾರಿಯುದ್ದಕ್ಕೂ, ದೇವರು ನೋಡುತ್ತಲೇ ಇದ್ದನು.