ಒಂದು ಸ್ಪೀಕರಿಗೆ ಎರಡು ಆಂಪ್ಲಿಫೈಯರ್

ಸಿನಿಮಾ ಮಾತು ಕಲಿತ ಹೊಸದರಲ್ಲಿ ಅಮೆರಿಕದ ಚಿತ್ರಮಂದಿರಗಳ ಪರದೆಯ ಹಿಂದೆ ಆಳೆತ್ತರದ ಕಹಳೆಯಂಥ ಸ್ಪೀಕರುಗಳಿದ್ದವು. ಅವಕ್ಕೆ ಶಕ್ತಿ ತುಂಬುತ್ತಿದ್ದುದು ವಾಲ್ವ್ ಆಂಪ್ಲಿಫೈಯರ್, ಅಂದರೆ ಹಳೆಯ ರೇಡಿಯೊಗಳಲ್ಲಿ ಕೆಂಪಗೆ ಕಾಣುತ್ತಿದ್ದ ಅದೇ ಗಾಜಿನ ಬುರುಡೆಗಳು. ಇಂದಿನ ಲೆಕ್ಕದಲ್ಲಿ ಆ ಶಕ್ತಿ ತೀರಾ ಕಡಿಮೆ. ಆದರೂ ಇಡೀ ಚಿತ್ರಮಂದಿರಕ್ಕೆ ಕೇಳಿಸುತ್ತಿತ್ತು. ಕಹಳೆ ಅಷ್ಟು ಮಿತವ್ಯಯಿ.

ಆದರೆ ಕಹಳೆ ಮನೆಯೊಳಗೆ ಹಿಡಿಸಬೇಕಲ್ಲ? ನ್ಯೂಯಾರ್ಕಿನಲ್ಲಿ ಅಧ್ಯಾಪಕರಾಗಿದ್ದ ಎಡ್ಗರ್ ವಿಲ್ಚರ್, ಶಿಷ್ಯ ಹೆನ್ರಿ ಕ್ಲಾಸ್ ಜೊತೆಗೂಡಿ 1954ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿ ತೆರೆದರು. ಅವರ ಎಆರ್-1 ಸ್ಪೀಕರ್ ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಚಿಕ್ಕದು; ಮಂದ್ರ ಸ್ವರಗಳನ್ನು ಮಾತ್ರ ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳು ನಾಚುವಂತೆ ನುಡಿಯಿತು. ಪೆಟ್ಟಿಗೆಯನ್ನು ಭದ್ರವಾಗಿ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿದ್ದೇ ಗುಟ್ಟು. ಇದಕ್ಕೆ ಬೆಲೆ ತೆರಬೇಕಾಯಿತು. ಕೊಟ್ಟ ವಿದ್ಯುತ್ತಿನ ಬಹುಪಾಲು ಸ್ಪೀಕರಿನ ತಂತಿಸುರುಳಿಯಲ್ಲೇ ಬಿಸಿಯಾಗಿ ಕಳೆದುಹೋಗುತ್ತಿತ್ತು.

ಇಕ್ಕಟ್ಟಿಗೆ ಸಿಕ್ಕಿದ್ದು ವಾಲ್ವ್. 1959ರಲ್ಲಿ ಬಂದ ಜನಪ್ರಿಯ ಡೈನಾಕೊ ಸ್ಟೀರಿಯೊ 70 ಕೊಡುತ್ತಿದ್ದುದು ಒಂದೊಂದು ಬದಿಗೆ 35 ವಾಟ್. ಅದಕ್ಕಿಂತ ಹೆಚ್ಚು ಬೇಕೆಂದರೆ ಟ್ರಾನ್ಸ್‌ಫಾರ್ಮರಿನ ತೂಕವೂ ಏರುತ್ತದೆ, ಬೆಲೆಯೂ ಏರುತ್ತದೆ. ಡ್ರಮ್ಮಿನ ಒಂದು ಪೆಟ್ಟಿಗೆ ಆಂಪ್ಲಿಫೈಯರ್ ಸುಸ್ತಾದರೆ, ಅದೇ ಹಾದಿಯಲ್ಲಿ ಹೊರಟ ಪಿಟೀಲಿನ ದನಿಯೂ ಒಡೆಯುತ್ತದೆ. ತಪ್ಪು ಡ್ರಮ್ಮಿನದು, ದಂಡ ಪಿಟೀಲಿಗೆ!

ಮಂದ್ರಕ್ಕೊಂದು, ಮೇಲಿನ ಸ್ವರಗಳಿಗೊಂದು ಆಂಪ್ಲಿಫೈಯರ್ ಇಡುವ 'ಬೈ-ಆಂಪಿಂಗ್' ಇದಕ್ಕೆ ಮದ್ದು. ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರ್ ಸಾಮಾನ್ಯವಾಗಿ ಸ್ಪೀಕರಿನೊಳಗೇ ಇರುತ್ತದೆ. ಇಲ್ಲಿ ಅದನ್ನು ಆಂಪ್ಲಿಫೈಯರಿಗಿಂತ ಮೊದಲೇ ಇಡಬೇಕು. ಮಾರಾಂಟ್ಸ್ ಕಂಪನಿ 1950ರ ದಶಕದಲ್ಲೇ ಇಂಥ ವಾಲ್ವ್ ಕ್ರಾಸ್‌ಓವರ್ ಮಾರುತ್ತಿತ್ತು. ಎಆರ್-1ಡಬ್ಲ್ಯೂ ಎಂಬ ಮಂದ್ರದ ಪೆಟ್ಟಿಗೆಗೆ ಜಾನ್ಸೆನ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಜೋಡಿಸಿಕೊಂಡ ರಸಿಕರಿಗಂತೂ ಈ ದಾರಿ ಸಲೀಸು.

ಲೆಕ್ಕವೂ ಸ್ವಾರಸ್ಯಕರ. ವೋಲ್ಟೇಜ್ ಇಮ್ಮಡಿಯಾದರೆ ವಾಟ್ ನಾಲ್ಮಡಿ. ಹಾಗಾಗಿ 30 ವಾಟಿನ ಎರಡು ಆಂಪ್ಲಿಫೈಯರುಗಳು ಹಂಚಿಕೊಂಡು ಹೊರುವ ಏರುದನಿಯನ್ನು ಒಂದೇ ಹೊರಬೇಕಾದರೆ ಅದಕ್ಕೆ 120 ವಾಟ್ ವರೆಗೂ ಬೇಕಾದೀತು. ಸ್ಪೀಕರಿನೊಳಗಿನ ಕ್ರಾಸ್‌ಓವರನ್ನು ಹಾಗೆಯೇ ಬಿಟ್ಟು ಬರೀ ಎರಡು ಆಂಪ್ಲಿಫೈಯರ್ ತಂದರೆ ಈ ಲಾಭ ದಕ್ಕದು. ಆಗ ಎರಡೂ ಪೂರ್ತಿ ಸಂಗೀತವನ್ನೇ ಹೊರಬೇಕಾಗುತ್ತದೆ.

ಟ್ರಾನ್ಸಿಸ್ಟರ್ ಬಂದು ವಾಟ್ ಅಗ್ಗವಾದ ಮೇಲೂ ವಾಲ್ವ್ ಪ್ರಿಯರು ಈ ಉಪಾಯ ಬಿಡಲಿಲ್ಲ. ಮಂದ್ರದ ಹೊರೆ ಟ್ರಾನ್ಸಿಸ್ಟರಿಗೆ, ಹಾಡು-ಪಿಟೀಲು ವಾಲ್ವಿಗೆ. ಎರಡರ ಮಟ್ಟವನ್ನು ಮಾತ್ರ ಕಿವಿಗೊಟ್ಟು ಹೊಂದಿಸಬೇಕು. ಇಲ್ಲದಿದ್ದರೆ ಡ್ರಮ್ಮು ನಡುಮನೆಯಲ್ಲಿ, ಪಿಟೀಲು ಹಿತ್ತಲಲ್ಲಿ ನುಡಿದಂತೆ ಕೇಳುತ್ತದೆ.